ಜೇನಿಗೆ ಹೇಳಿದ ಸುದ್ದಿ

ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿತ್ತಲಲ್ಲಿ ಎರಡು ಜೇನುಪೆಟ್ಟಿಗೆಗಳಿದ್ದವು. ಮಹಡಿ ನಮ್ಮದು, ಕೆಳಗಿನ ಭಾಗ ಮನೆ ಓನರ್ ದಂಪತಿಯದು. ಕಂಪ್ಯೂಟರ್ ಬಲ್ಲವರನ್ನೆಲ್ಲ ಅಮೆರಿಕ ಕೈಬೀಸಿ ಕರೆಯುತ್ತಿದ್ದ ಕಾಲ. ನನ್ನವರು ಬೆಳಿಗ್ಗೆ ಟ್ರೇನ್ ಹಿಡಿದು ಜರ್ಸಿ ಸಿಟಿಗೆ ಹೊರಟರೆ ಬರುತ್ತಿದ್ದುದು ದೀಪ ಹಚ್ಚಿದ ಮೇಲೆ. ನನ್ನದು ಹೆಂಡತಿ ವೀಸಾ, ಕೆಲಸ ಮಾಡುವಂತಿಲ್ಲ. ಎಂಎಸ್ಸಿ ಓದಿ ಬೇಳೆ ಬೇಯಿಸಿಕೊಂಡು ಕೂತಿದ್ದೇನಲ್ಲ ಎಂಬ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಶನಿವಾರ ಇಂಡಿಯನ್ ಅಂಗಡಿಗಳಿದ್ದ ಐಸೆಲಿನ್‌ಗೆ ಹೋಗಿ ಕರಿಬೇವು ತರುವುದೇ ದೊಡ್ಡ ಹಬ್ಬ.

ಆ ಸಿಟ್ಟು ಇಳಿಸಿದವರು ಕೆಳಗಿನ ಮನೆಯಾಕೆ. ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಹುಟ್ಟಿ, ಅಮೆರಿಕದವನನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಹೆಸರು ಹಿಡಿದೇ ಕರೆ ಎನ್ನುತ್ತಿದ್ದರು. ನನ್ನ ಅಮ್ಮನಿಗಿಂತ ಹಿರಿಯರು, ನಾಲಿಗೆ ಏಳಬೇಕಲ್ಲ? ಆಂಟಿ ಎಂದೆ. ಗಂಡನ ಹಿಂದೆ ಗಂಟುಮೂಟೆ ಕಟ್ಟಿಕೊಂಡು ಬಂದವರು ನಾವಿಬ್ಬರೂ ಎಂದು ಅವರು ನನ್ನನ್ನು ಛೇಡಿಸುತ್ತಿದ್ದರು.

ಮಧ್ಯಾಹ್ನ ಟೀ ಕುಡಿಯುತ್ತಾ ಅವರ ಊರಿನ ಕತೆ. ಕುದುರೆ ಏರಿ ನರಿ ಬೇಟೆಗೆ ಹೊರಡುವ ಜಮೀನ್ದಾರ, ವರ್ಷಕ್ಕೊಮ್ಮೆ ಯಾರ ತೋಟದ ಕುಂಬಳಕಾಯಿ ದೊಡ್ಡದೆಂದು ತೀರ್ಪು ಕೊಟ್ಟು ಅರ್ಧ ಊರಿನ ಹಗೆ ಕಟ್ಟಿಕೊಳ್ಳುವ ಪಾದ್ರಿ, ಇವರಿಬ್ಬರೇ ಅಲ್ಲಿನ ದೊಡ್ಡ ಮನುಷ್ಯರು. ಒಂದು ನರಿಗೆ ಅಷ್ಟು ಕುದುರೆ, ಅಷ್ಟು ನಾಯಿ, ಕೆಂಪು ಕೋಟು ಎಲ್ಲ ಯಾಕೆ ಎಂದು ಕೇಳಿದೆ. ಆಂಟಿಯೂ ನರಿಯ ಪಕ್ಷವೇ. ಚಿಕ್ಕಂದಿನಲ್ಲಿ ಒಂದು ನರಿ ಇವರ ಕೋಳಿಗೂಡಿನ ಹಿಂದೆ ಅಡಗಿದಾಗ ಬೇಟೆಯವರಿಗೆ ಬೇರೆ ದಾರಿ ತೋರಿಸಿ ಕಳಿಸಿದ್ದರಂತೆ. ಮಾರನೇ ವಾರ ಅದೇ ನರಿ ಬಂದು ಕೋಳಿ ಹೊತ್ತುಕೊಂಡು ಹೋಯಿತಂತೆ.

ಅವರ ಅಪ್ಪ ಜಮೀನ್ದಾರನ ತೋಟವನ್ನೂ ಜೇನನ್ನೂ ನೋಡಿಕೊಳ್ಳುತ್ತಿದ್ದವರು. ಮನೆಯಲ್ಲಿ ಮದುವೆಯಾಗಲಿ, ಮಗು ಹುಟ್ಟಲಿ, ಜೇನಿಗೆ ಹೇಳಬೇಕು. ಸಾವಾದರಂತೂ ಹೇಳಲೇಬೇಕು. ಮನೆಬಾಗಿಲ ಕೀಲಿಕೈಯಿಂದ ಪೆಟ್ಟಿಗೆ ತಟ್ಟಿ, ಮೆಲ್ಲಗೆ ಸುದ್ದಿ ಹೇಳಿ, ಕಪ್ಪು ಬಟ್ಟೆ ಕಟ್ಟಿ, ಇನ್ನು ಮುಂದೆ ನಿಮ್ಮನ್ನು ನೋಡಿಕೊಳ್ಳುವವರು ಇಂಥವರು ಎನ್ನಬೇಕು. ಇಲ್ಲದಿದ್ದರೆ ಜೇನು ಮುನಿಸಿಕೊಂಡು ಗೂಡು ಬಿಟ್ಟು ಹೋಗುತ್ತದೆ. ಜಮೀನ್ದಾರ ಸತ್ತಾಗ ಚರ್ಚಿನ ಗಂಟೆ ಬಾರಿಸುವ ಮೊದಲೇ ಅಪ್ಪ ಜೇನಿನ ಹತ್ತಿರ ಓಡಿದ್ದರಂತೆ. ನನಗೆ ನಗು ಬರಲಿಲ್ಲ. ಕಾಗೆ ಪಿಂಡ ಮುಟ್ಟುವ ತನಕ ಮೈಸೂರಿನ ನಮ್ಮ ಮನೆಯಲ್ಲೂ ಯಾರೂ ಎಲೆ ಮುಂದೆ ಕೂತದ್ದಿಲ್ಲ. ನಮಗೆ ಕಾಗೆ, ನಿಮಗೆ ಜೇನು ಎಂದೆ.

ನಗುತ್ತಿದ್ದವರು ಆಂಟಿಯ ಗಂಡ, ಅಂಕಲ್. ಒಮ್ಮೆ ಕಚ್ಚಿಸಿಕೊಂಡ ಮೇಲೆ ಅವರು ಪೆಟ್ಟಿಗೆಗಳ ಹತ್ತಿರ ಸುಳಿದವರೇ ಅಲ್ಲ. ಒಂದು ದಿನ ಆಂಟಿ ಟೀ ಬಸಿಯುತ್ತಾ, ತಾವು ಹೋದರೆ ಈ ಗಂಡ ಜೇನಿಗೆ ಹೇಳುವುದಿಲ್ಲ, ನೀನೇ ಹೇಳು ಎಂದರು. ಬಿಡ್ತು ಅನ್ನಿ ಎನ್ನಲು ಹೊರಟೆ. ಅದನ್ನು ಇಂಗ್ಲಿಷಿನಲ್ಲಿ ಹೇಗೆನ್ನುವುದೋ ತಿಳಿಯದೆ, ಆಗಲಿ ಎಂದು ಮಾತು ಕೊಟ್ಟೆ.

ಮರುವರ್ಷದ ಏಪ್ರಿಲ್‌ನಲ್ಲಿ ಆಂಟಿ ಮಲಗಿದ್ದಲ್ಲೇ ಹೋಗಿಬಿಟ್ಟರು. ಆ ಊರಿನಲ್ಲಿ ನನಗಿದ್ದ ಒಂದೇ ಗೆಳೆತನ ಅದು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಖಾರ ಕಡಿಮೆ ಮಾಡಿ ಅನ್ನ ಸಾರು ಇಳಿಸಿಕೊಟ್ಟೆ. ಅಂಕಲ್ ಉಂಡರು. ಬಂದವರು ಕೈಕುಲುಕಿದರೂ ಅವರ ಬಾಯಿಂದ ಸಾವು ಎಂಬ ಮಾತೇ ಬರಲಿಲ್ಲ. ಅಂಜುತ್ತಲೇ ಮುಂಬಾಗಿಲ ಕೀ ಕೇಳಿದೆ. ಅವರು ನಗಲಿಲ್ಲ. ಜೇಬಿನಿಂದ ತೆಗೆದುಕೊಟ್ಟು, ನನ್ನ ಹಿಂದೆಯೇ ಬಂದು ಬೇಲಿಯ ಹತ್ತಿರ ನಿಂತರು.

ಬ್ಲೌಸ್ ಪೀಸಿನಿಂದ ಹರಿದಿದ್ದ ಕಪ್ಪು ಪಟ್ಟಿ ಕಟ್ಟಿ, ಪೆಟ್ಟಿಗೆ ತಟ್ಟಿದೆ. ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷ್ ಬಿಟ್ಟು ಕನ್ನಡವೇ ಬಂತು.

"ನಿಮ್ಮಮ್ಮ ಹೋಗಿಬಿಟ್ರು. ಬೇಜಾರು ಮಾಡ್ಕೋಬೇಡಿ. ನಮ್ಮನ್ನ ಬಿಟ್ಟು ಹೋಗಬೇಡಿ."

ಇನ್ನು ನೋಡಿಕೊಳ್ಳುವವರು ಯಾರು ಎಂದು ಹೇಳಲು ನನಗೇ ಗೊತ್ತಿರಲಿಲ್ಲ. ಏಳುವಾಗ ಅಭ್ಯಾಸಬಲದಿಂದ "ಬರ್ತೀನಿ" ಎಂದುಬಿಟ್ಟೆ. ಸಾವಿನ ಮನೆಯಿಂದ ಏಳುವಾಗ ಯಾರಾದರೂ ಬರ್ತೀನಿ ಎನ್ನುತ್ತಾರೆಯೇ? ಸುಮ್ಮನೆ ಎದ್ದು ಹೋಗಬೇಕು. ನಾಲಿಗೆ ಕಚ್ಚಿಕೊಂಡೆ.

ಕೊನೆಗೆ ಏನೆಂದೆ ಎಂದು ಅಂಕಲ್ ಕೇಳಿದರು. ಅರ್ಥ ಹೇಳಿ, ಹಾಗನ್ನಬಾರದಿತ್ತು ಎಂದೆ. ಅವರು ಪೆಟ್ಟಿಗೆಗಳ ಕಡೆ ನೋಡುತ್ತಾ ಹೇಳಿದರು: "ಅವುಗಳ ಹತ್ತಿರ ಯಾರಾದರೂ ಬರಬೇಕಲ್ಲ. ನನಗೆ ಭಯ."

ಹೀಗೆ ಜೇನು ನನ್ನ ಪಾಲಿಗೆ ಬಂತು. ಆಂಟಿಯ ಬಲೆಮುಸುಕು ಹಾಕಿಕೊಂಡು ಹೋಗುತ್ತಿದ್ದೆ, ಅವರಿಂದ ಕಲಿತಷ್ಟು ಮಾಡುತ್ತಿದ್ದೆ. ಅಂಕಲ್ ಮೊದಲು ಬೇಲಿಯ ಹತ್ತಿರ ನಿಲ್ಲುತ್ತಿದ್ದರು, ಆಮೇಲೆ ಬೆಂಚಿನ ತನಕ ಬಂದರು, ಬೇಸಿಗೆ ಮುಗಿಯುವ ಹೊತ್ತಿಗೆ ಜೇನನ್ನು ತಣಿಸುವ ಹೊಗೆಡಬ್ಬಿ ಹಿಡಿದರು. ಜೇನು ಬಿಟ್ಟುಹೋಗಲಿಲ್ಲ.

ಬಿಟ್ಟುಹೊರಟವರು ನಾವು. ಐಟಿ ಗುಳ್ಳೆ ಒಡೆದು ನನ್ನವರ ಕೆಲಸ ಹೋಯಿತು, ವೀಸಾ ಅದರ ಬಾಲ ಹಿಡಿದಿತ್ತು. ಹೊರಡುವ ಬೆಳಿಗ್ಗೆ ಕೀ ಇಸಿದುಕೊಂಡು ಹಿತ್ತಲಿಗೆ ಹೋದೆ. ಊರಿಗೆ ಹೊರಟಿದ್ದೇವೆ ಎಂದು ಜೇನಿಗೆ ಹೇಳಿದೆ. ಇನ್ನು ಬರ್ತೀನಿ ಎನ್ನುವಂತಿರಲಿಲ್ಲ. ಸುಳ್ಳು ಹೇಗೆ ಹೇಳುವುದು?

ಅಂಕಲ್ ನನ್ನ ಕೈಯಿಂದ ಕೀ ತೆಗೆದುಕೊಂಡರು. ಮುಸುಕಿಲ್ಲದೆ ಬಗ್ಗಿ ಪೆಟ್ಟಿಗೆ ತಟ್ಟಿದರು. ತಮ್ಮ ಹೆಂಡತಿ ಸತ್ತಿದ್ದಾಳೆ ಎಂದರು. ಅವರು ಹಾಗೆಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇನ್ನು ನಾನೇ ನೋಡಿಕೊಳ್ಳುತ್ತೇನೆ ಎಂದರು. ಆಮೇಲೆ ಸ್ವಲ್ಪ ತಡವರಿಸಿ, ಕನ್ನಡದಲ್ಲಿ, "ಬರ್ತೀನಿ" ಎಂದರು.

ನಾನು ಏನೂ ಹೇಳದೆ ಎದ್ದು ಕಾರಿನ ಕಡೆ ನಡೆದೆ.