‘ಹೂಂ’ ಅಂದ ಮೇಲೇ ಒತ್ತುವ ಚಿಮುಟದಮ್ಮ

“ನೀನು ಬಾಯಿ ಮುಚ್ಚು. ಫೋನು ಕುದುರೆ ಥರ ಓಡುತ್ತೆ ಅಂದೋನು ನೀನು. ಈಗ ನೋಡು, ಕಲ್ಲಾಗಿ ಬಿದ್ದಿದೆ.”

“ಅಕ್ಕಾ, ಹೊಸ ಸಾಫ್ಟ್‌ವೇರ್ ತುಂಬ್ತಾ ಇರುವಾಗ ಅರ್ಧದಲ್ಲಿ ಕರೆಂಟು ಹೋದ್ರೆ ನಾನೇನು ಮಾಡ್ಲಿ?”

“ನಿನ್ನ ಕೈಗೆ ಕೊಟ್ನಲ್ಲ, ನನಗೆ ಬುದ್ಧಿ ಇಲ್ಲ. ನಲವತ್ತೊಂದು ಜನರ ಅಳತೆ ಕಣೋ ಅದರಲ್ಲಿ. ಅವರನ್ನೆಲ್ಲ ಮತ್ತೆ ಎತ್ತಿ ಕೂರಿಸ್ತೀಯಾ?”

ಬೆಳಗಿನ ಐದೂವರೆ. ಮಹಡಿ ಮೆಟ್ಟಿಲ ಕೆಳಗಿನ ಫೋನು ರಿಪೇರಿ ಅಂಗಡಿಯ ಶಟರ್ ಅರ್ಧ ಮಾತ್ರ ಎತ್ತಿದೆ. ಎಂಥ ದೊಡ್ಡ ಮನುಷ್ಯನಾದರೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಕಿತ್ತಾಡುತ್ತಿರುವವರು ಒಬ್ಬ ದರ್ಜಿ ಹೆಂಗಸು ಮತ್ತು ಮೂವತ್ತು ದಾಟಿದ ಅವರ ತಮ್ಮ. ಇವರಿಬ್ಬರ ನಡುವೆ ಮೇಜಿನ ದೀಪಕ್ಕೆ ಬಗ್ಗಿ, ಫೋನಿನ ಬೆನ್ನು ಬಿಚ್ಚುತ್ತಿರುವವರೇ ನಾನು ನೋಡಲು ಬಂದ ಹೆಂಗಸು. ಬೀದಿಯವರೆಲ್ಲ ಚಿಮುಟದಮ್ಮ ಅನ್ನುತ್ತಾರೆ. ಬೆರಳ ತುದಿಯ ಚಿಮುಟ ಊಟದ ಹೊತ್ತಿಗೆ ಮಾತ್ರ ಕೆಳಗಿಳಿಯುತ್ತದೆ.

ದರ್ಜಿ ಹೆಂಗಸಿನ ಕೋಪ ಸುಮ್ಮನೆ ಬಂದದ್ದಲ್ಲ. ಸಿದ್ಧ ಉಡುಪು ಮೈಗೆ ಕೂರದವರಿಗೆ ಅವರು ಬಟ್ಟೆ ಹೊಲಿಯುತ್ತಾರೆ. ಬೆನ್ನು ಬಾಗಿದವರು, ಒಂದು ತೋಳು ಗಿಡ್ಡವಾದವರು, ಗಾಲಿಕುರ್ಚಿಯಲ್ಲೇ ದಿನ ಕಳೆಯುವವರು ಅವರ ಗಿರಾಕಿಗಳು. ಒಬ್ಬೊಬ್ಬರದೂ ಮೂವತ್ತು ಮೂವತ್ತೈದು ಅಳತೆ, ಜೊತೆಗೆ ಚಿತ್ರ. ಹಾಸಿಗೆ ಹಿಡಿದ ಒಬ್ಬ ಮುದುಕಿಯ ಅಳತೆ ತೆಗೆಯಲು ಇಬ್ಬರು ಹಿಡಿದು ಕೂರಿಸಬೇಕಾಯಿತಂತೆ. “ಆವತ್ತು ಆಯಮ್ಮ ಹಲ್ಲು ಕಚ್ಚಿಕೊಂಡು ಕೂತಿದ್ರು. ಇನ್ನೊಂದು ಸಲ ಟೇಪು ಹಿಡ್ಕೊಂಡು ಅವರ ಮುಂದೆ ಹೋಗೋ ಮುಖ ನನಗಿಲ್ಲ,” ಅನ್ನುತ್ತಾರೆ. ಅಳತೆ ಪುಸ್ತಕ ಒಮ್ಮೆ ನೀರಿಗೆ ಬಿದ್ದು ಹಾಳಾದ ಮೇಲೆ ಎಲ್ಲವನ್ನೂ ಫೋನಿಗೆ ಏರಿಸಿದ್ದಾರೆ. ಬೇರೆಲ್ಲೂ ಇಟ್ಟಿಲ್ಲ.

ಕಂಪನಿಯ ಸರ್ವೀಸ್ ಸೆಂಟರಿಗೂ ಹೋಗಿ ಬಂದಿದ್ದಾರೆ. ಒಳಗಿನ ಬೋರ್ಡೇ ಬದಲಿಸಬೇಕು, ಇದ್ದದ್ದೆಲ್ಲ ಹೋಯಿತು ಎಂದು ಅಲ್ಲಿ ಎರಡೇ ನಿಮಿಷದಲ್ಲಿ ಹೇಳಿ ಕಳಿಸಿದರಂತೆ. ತಣ್ಣನೆಯ ಕೋಣೆಯಲ್ಲಿ ಟೈ ಕಟ್ಟಿ ಕೂತವರಿಗೆ ಫೋನಿನ ಬೆನ್ನು ಬಿಚ್ಚಿ ನೋಡುವಷ್ಟೂ ವ್ಯವಧಾನ ಇಲ್ಲದಿದ್ದರೆ ಅವರು ಅಲ್ಲಿ ಕೂತಿರುವುದಾದರೂ ಯಾಕೆ?

ಚಿಮುಟದಮ್ಮ ಬಿಚ್ಚಿದ ಬೋರ್ಡನ್ನು ಭೂತಗನ್ನಡಿಯ ಕೆಳಗೆ ಹಿಡಿದು ಮೂಲೆಯ ಸಣ್ಣ ಅಕ್ಷರ ಓದುತ್ತಾರೆ. ತಮ್ಮನ ಕಡೆ ತಿರುಗುತ್ತಾರೆ.

“ಹಾಕಿದ ಫೈಲು ಯಾವುದು ನೋಡಿ ತಗೊಂಡೆಯಪ್ಪಾ?”

“ಫೋನ್ ಹಿಂದೆ ಹೆಸರಿದೆಯಲ್ಲ, ಅದನ್ನೇ ನೋಡಿ.”

“ಹೆಸರು ಒಂದೇ, ಒಳಗಿನ ಬೋರ್ಡು ಎರಡು ಥರ. ನೀನು ಹಾಕಿರೋದು ಇನ್ನೊಂದರದ್ದು. ಪಾಪ, ತಪ್ಪನ್ನ ಕರೆಂಟಿನ ಮೇಲೆ ಯಾಕೆ ಹಾಕ್ತೀಯ?” ಬೋರ್ಡನ್ನು ಕೆಳಗಿಟ್ಟು ಕೇಳುತ್ತಾರೆ, “ಎಲ್ಲಾ ಅಳಿಸು ಅನ್ನೋ ಗುರುತು ಒತ್ತಿದ್ದೆಯಾ?”

“ಒತ್ತಿದ್ದೆ,” ಅನ್ನುತ್ತಾನೆ ತಮ್ಮ, ನೆಲ ನೋಡುತ್ತ.

“ಹಾಗಾದ್ರೆ ಕರೆಂಟಿಗೆ ಕೈ ಮುಗೀರಿ,” ಅನ್ನುತ್ತಾರೆ ಚಿಮುಟದಮ್ಮ. “ಅಳಿಸೋದು ಕೊನೇ ಕೆಲಸ. ಇನ್ನೆರಡು ನಿಮಿಷ ಕರೆಂಟು ಇದ್ದಿದ್ರೆ ನಿಮ್ಮ ಅಳತೆಯೆಲ್ಲ ಒರೆಸಿ ಹೋಗ್ತಿತ್ತು. ಈಗ ಕೆಟ್ಟಿರೋದು ಫೋನನ್ನ ಎಬ್ಬಿಸೋ ಸಾಫ್ಟ್‌ವೇರ್ ತುಂಡು ಮಾತ್ರ. ಏಳುತ್ತೆ ಅಂತ ಮಾತು ಕೊಡಲ್ಲ. ನೋಡೋಣ.”

ಈ ಕೈ ಪಳಗಿದ್ದು ವೋಲ್ಟೇಜ್ ಸ್ಟೆಬಿಲೈಜರ್ ಮಾಡುವ ಕಾರ್ಖಾನೆಯಲ್ಲಿ. ಹನ್ನೊಂದು ವರ್ಷ ಬೆಸುಗೆ ಹಾಕಿದರು. ಕಾರ್ಖಾನೆಗೆ ಬೀಗ ಬಿದ್ದಾಗ ಸಂಗಾತಿಗಳು ಮನೆಗೆಲಸಕ್ಕೆ ಹೋದರು, ಇವರು ಗುಜರಿಯಿಂದ ಸತ್ತ ಫೋನು ಕಿಲೋ ಲೆಕ್ಕದಲ್ಲಿ ತಂದು ಅಡುಗೆಮನೆಯಲ್ಲಿ ಬಿಚ್ಚಿ ಹರಡಿಕೊಂಡರು. ಓದಿದ್ದು ಏಳನೇ ಕ್ಲಾಸು. ಪರದೆಯ ಇಂಗ್ಲಿಷನ್ನು ಮೊದಲು ಚಿತ್ರದ ಹಾಗೆ ನೆನಪಿಟ್ಟುಕೊಂಡರು, ಅರ್ಥ ಆಮೇಲೆ ಬಂತು. ಬಸ್ ಕಂಡಕ್ಟರ್ ಗಂಡ ಎರಡು ವರ್ಷ ಮೊಳೆ ಸ್ಕ್ರೂಗಳ ನಡುವೆಯೇ ಉಂಡ. ಅತ್ತೆ ಮಾತ್ರ ಬಂದವರಿಗೆಲ್ಲ, “ನಮ್ಮ ಸೊಸೆ ಹೆಣ ಎಬ್ಬಿಸೋಕೆ ಕಲೀತಿದ್ದಾಳೆ, ಹತ್ತಿರ ಹೋಗಬೇಡಿ,” ಅನ್ನುತ್ತಿದ್ದರಂತೆ. ಈಗ ಅದೇ ಅತ್ತೆ ತಮ್ಮ ಗೆಳತಿಯರ ಫೋನನ್ನೆಲ್ಲ ಚೀಲದಲ್ಲಿ ತುಂಬಿ ತರುತ್ತಾರೆ.

ದಿನಕ್ಕೆ ಆರೇಳು ಫೋನು ಬರುತ್ತವೆ. ಹತ್ತರಲ್ಲಿ ಏಳು ಏಳುತ್ತವೆ, ಏಳದಿದ್ದರೆ ಕೂಲಿ ಇಲ್ಲ. ಬೆಳಗಿನ ಐದರಿಂದ ಏಳರವರೆಗೆ ಮಾತ್ರ ಫೈಲು ತುಂಬುವ ಕೆಲಸ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಮೂರು ವರ್ಷವಾಗಿದೆ, ಈ ಹೊತ್ತಿನಲ್ಲಿ ಕರೆಂಟು ಕೈಕೊಡುವುದು ಅಪರೂಪ.

ಇನ್ನೊಂದು ಪದ್ಧತಿಯೂ ಇದೆ. ಗಿರಾಕಿ ಎದುರಿಗಿಲ್ಲದೆ ಗುಂಡಿ ಒತ್ತುವುದಿಲ್ಲ. ಪರದೆಯ ಮೇಲಿನ ಒಂದೊಂದು ಗುರುತನ್ನೂ ಗಟ್ಟಿಯಾಗಿ ಓದಿ ಹೇಳುತ್ತಾರೆ, ಗಿರಾಕಿ ‘ಹೂಂ’ ಅನ್ನಬೇಕು. ಶುರುವಿನ ದಿನಗಳಲ್ಲಿ ಒಬ್ಬ ಮೇಷ್ಟ್ರ ಫೋನು ಎಬ್ಬಿಸುವಾಗ ಇದೇ ಅಳಿಸುವ ಗುರುತನ್ನು ನೋಡದೆ ಒತ್ತಿದ್ದರು. ಫೋನು ಎದ್ದಿತು, ಒಳಗೆ ಏನೂ ಇರಲಿಲ್ಲ. “ಮೇಷ್ಟ್ರು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಅವತ್ತೇ ಮರೆತುಬಿಡ್ತಿದ್ದೆ.”

ಈಗ ಫೋನಿನ ಬ್ಯಾಟರಿಯ ಕೊಂಡಿ ಬಿಡಿಸಿದ್ದಾರೆ. ಬೋರ್ಡಿನ ಮೇಲೆ ಸಾಸಿವೆ ಕಾಳಿನಷ್ಟಿರುವ ಎರಡು ತಾಮ್ರದ ಚುಕ್ಕೆಗಳಿಗೆ ಚಿಮುಟದ ಎರಡು ತುದಿ ಮುಟ್ಟಿಸಿ, ಎಡಗೈಯಲ್ಲಿ ಲ್ಯಾಪ್‌ಟಾಪಿನ ಕೇಬಲ್ ಚುಚ್ಚುತ್ತಾರೆ. ಏನೂ ಇಲ್ಲ. ಮತ್ತೊಮ್ಮೆ. ಇಲ್ಲ. ಐದನೇ ಸಲ ಲ್ಯಾಪ್‌ಟಾಪು ‘ಟುಣ್’ ಅನ್ನುತ್ತದೆ.

“ಉಸಿರಿದೆ,” ಅನ್ನುತ್ತಾರೆ ಚಿಮುಟದಮ್ಮ. ಓದಲು ಶುರು ಮಾಡುತ್ತಾರೆ. “ಬೋರ್ಡಿನ ನಂಬರು ಸರಿ ಇದೆ.”

“ಹೂಂ.”

“ಎಬ್ಬಿಸೋ ತುಂಡು, ಗುರುತು ಇದೆ.”

“ಹೂಂ.”

“ನಿಮ್ಮ ಅಳತೆ ಇರೋ ಜಾಗ, ಗುರುತು ಇಲ್ಲ. ಅದನ್ನ ನಾನು ಮುಟ್ಟಲ್ಲ.”

ದರ್ಜಿ ಹೆಂಗಸು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ “ಹೂಂ” ಅನ್ನುತ್ತಾರೆ.

ಹಸಿರು ಗೆರೆ ತೆವಳುತ್ತದೆ. ಹನ್ನೊಂದು ನಿಮಿಷ. ಆ ಬಿಡುವಿನಲ್ಲಿ ನಿಮಗೇನು ಬೇಕು ಎಂದು ಚಿಮುಟದಮ್ಮನನ್ನು ಕೇಳುತ್ತೇನೆ. “ಬ್ಯಾಟರಿ ನಿಲ್ಲೋ ಒಂದು ಲ್ಯಾಪ್‌ಟಾಪ್. ಆರು ಗಂಟೆವರೆಗೆ ಮಲಗಬೇಕು ಅಂತ ಆಸೆ.” ಬೇರೆ ಅಂಗಡಿಗಳ ಹಾಗೆ ‘ಮತ್ತೆ ಬನ್ನಿ’ ಅಂತ ಬೋರ್ಡು ಯಾಕಿಲ್ಲ? ಅವರಿಗೆ ನಗು ಬರುತ್ತದೆ. “ಅದೇ ಫೋನು ಹಿಡ್ಕೊಂಡು ಮತ್ತೆ ಬಂದ್ರೆ ನನ್ನ ಕೆಲಸ ಕೆಟ್ಟಿದೆ ಅಂತ ಅರ್ಥ ಅಲ್ವಾ?”

ಬ್ಯಾಟರಿಯ ಕೊಂಡಿ ಮತ್ತೆ ಸಿಕ್ಕಿಸಿದ ಮೇಲೆ ಫೋನು ನಡುಗುತ್ತದೆ. ಪರದೆ ಬೆಳಗುತ್ತದೆ. ದರ್ಜಿ ಹೆಂಗಸು ಗುಪ್ತಸಂಖ್ಯೆ ಒತ್ತಿ, ಹಾಸಿಗೆಯ ಮೇಲಿನ ಆ ಮುದುಕಿಯ ಪುಟ ತೆರೆಯುತ್ತಾರೆ. ಭುಜ, ಕಂಕುಳು, ಬಾಗಿದ ಬೆನ್ನು, ಎಲ್ಲ ಅಂಕಿಯನ್ನೂ ಬಾಯಲ್ಲೇ ಓದುತ್ತಾರೆ. ತಮ್ಮ ಕೈ ಚಾಚುತ್ತಾನೆ, “ಕೊಡಕ್ಕಾ, ಇನ್ನೊಂದು ಕಡೆ ಇಳಿಸಿಡ್ತೀನಿ.”

“ನೀನು ಮುಟ್ಟಿದ್ರೆ ಕೈ ಕತ್ತರಿಸ್ತೀನಿ. ಅದನ್ನ ಈ ಅಮ್ಮನೇ ಮಾಡಿಕೊಡಲಿ.”

ಚಿಮುಟದಮ್ಮ ಅಳತೆಯನ್ನೆಲ್ಲ ಒಂದು ಉಗುರಗಲದ ಕಾರ್ಡಿಗೆ ಇಳಿಸಿ ಕೊಡುತ್ತಾರೆ. ಕೂಲಿ ಕೊಟ್ಟು, ಫೋನನ್ನು ಎದೆಗವಚಿಕೊಂಡು, ಶಟರಿನ ಕೆಳಗೆ ತಲೆ ಬಗ್ಗಿಸಿ ದರ್ಜಿ ಹೆಂಗಸು ಹೊರಟೇಬಿಡುತ್ತಾರೆ. ಹಿಂದೆಯೇ ತಮ್ಮ ಓಡುತ್ತಾನೆ.

ತಿಂಗಳು ಕಳೆದು ಮತ್ತೆ ಹೋಗಿದ್ದೆ. ಆ ದರ್ಜಿ ಹೆಂಗಸು ಮತ್ತೆ ಬಂದಿದ್ದರಾ ಎಂದು ಕೇಳಿದೆ. ಚಿಮುಟದಮ್ಮ ದೀಪದಿಂದ ತಲೆ ಎತ್ತಲಿಲ್ಲ.

“ಇಲ್ಲ,” ಅಂದರು. “ಬಂದೇ ಇಲ್ಲ.” ದನಿಯಲ್ಲಿದ್ದ ಹಿಗ್ಗನ್ನು ಮುಚ್ಚಿಟ್ಟುಕೊಳ್ಳಲು ಅವರಿಗೆ ಬರಲಿಲ್ಲ.