ಎಲೆಯಂಥ ಹುಳ

ನಮ್ಮ ಮನೆಯಲ್ಲಿ ‘ಎಲೆಯಂಥ’ ಎಂದರೆ ಹೊಗಳಿಕೆ. ಕೋಣಂದೂರಿನ ಹತ್ತಿರ ಗೇಣಿಗೆ ಗದ್ದೆ ಮಾಡಿಕೊಂಡಿದ್ದವರು ನಾವು. ಹುಲಿಕಲ್ ಕಡೆಯಿಂದ ಚಿಕ್ಕಪ್ಪನಿಗೆ ಹೆಣ್ಣು ತಂದ ಹೊಸತರಲ್ಲಿ ಅಜ್ಜಿ, ತನ್ನ ಸೊಸೆ ಎಲೆಯಂಥ ರೊಟ್ಟಿ ತಟ್ಟುತ್ತಾಳೆಂದು ಕಂಡವರಿಗೆಲ್ಲ ಹೇಳಿದ್ದಳು.

ಅರವತ್ತರ ದಶಕದ ನಡುವಿನ ಮಾತು. ಆ ವರ್ಷವೇ ಕೊಟ್ಟಿಗೆಗೆ ಕೇಡು ಬಂತು. ಕರೆಯುವ ಎಮ್ಮೆ ಮೇವು ಬಿಟ್ಟಿತು, ಭೇದಿ ಹತ್ತಿತು, ಗದ್ದದ ಕೆಳಗೆ ಬಾವು ನೀರು ತುಂಬಿದ ಚೀಲದಂತೆ ಜೋತುಬಿತ್ತು. ಅದು ಸತ್ತ ಬೆನ್ನಿಗೇ ಉಳುವ ಕೋಣವೊಂದು ಮಲಗಿತು. ಇದೆಲ್ಲ ಹೊಸ ಸೊಸೆಯ ಕಾಲ್ಗುಣ ಎಂದಳು ಅಜ್ಜಿ. ಚಿಕ್ಕಮ್ಮ ಕೊಟ್ಟಿಗೆಗೆ ಕಾಲಿಡಬಾರದೆಂದಳು. ಆಮೇಲೆ ಅವಳು ಮುಟ್ಟಿದ ಕಲಗಚ್ಚನ್ನೂ ಚೆಲ್ಲಿಸತೊಡಗಿದಳು. ಕೊನೆಗೆ ತವರಿಗೆ ಕಳಿಸಿಬಿಡು ಎಂದಾಗ ಚಿಕ್ಕಪ್ಪ ತಲೆಯಾಡಿಸಿದ. ಹೆಂಡತಿಯ ಬಟ್ಟೆಗಂಟನ್ನು ತಾನೇ ಹೊತ್ತು ಬಸ್ಸಿನವರೆಗೆ ಹೋದ.

ಅವಳು ಹೋದ ಮೇಲೂ ಕೋಣ ಸತ್ತಿತು. ಅಪ್ಪ ದನದ ಡಾಕ್ಟರನ್ನು ಕರೆತಂದ. ಅವರು ಹೂಳುವ ಮೊದಲು ಹೊಟ್ಟೆ ಕೊಯ್ದು, ಗಟ್ಟಿಯಾಗಿದ್ದ ಈಲಿಯನ್ನು, ಎಂದರೆ ಯಕೃತ್ತನ್ನು, ಸೀಳಿದರು. ಚಪ್ಪಟೆಯಾದ ಕಂದು ಹುಳಗಳು ಜಾರಿ ಬಂದವು. ಪರ್ಣಾಕಾರದ ಹುಳು ಎಂದರು.

“ಹಂಗಂದ್ರೆ ಎಂತ?” ಅಜ್ಜಿ ಕೇಳಿದಳು.

“ಎಲೆಯಂಥದು ಅಂತ,” ಎಂದ ಅಪ್ಪ.

ನಾನೂ ಬಗ್ಗಿ ನೋಡಿದೆ. ಒಂದು ತುದಿ ಚೂಪು, ನಡು ಅಗಲ. ನಿಜಕ್ಕೂ ಎಲೆಯೇ, ಆದರೆ ಅಂಚು ಮುದುಡಿ ಬಿಚ್ಚಿಕೊಳ್ಳುತ್ತಿತ್ತು. ಜೌಗಿನಲ್ಲಿ ಮೇಯುವಾಗ ಹುಲ್ಲಿನ ಜೊತೆ ಒಳಗೆ ಹೋಗುತ್ತವೆ, ತಿಂಗಳುಗಟ್ಟಲೆ ಇದ್ದು ಕೊಲ್ಲುತ್ತವೆ ಎಂದು ಡಾಕ್ಟರು ವಿವರಿಸಿದರು. ಮದುವೆಗೆ ಮುಂಚೆಯೇ ಸೇರಿರಬಹುದೇ ಎಂದು ಅಪ್ಪ ಕೇಳಿದ. ಇರಬಹುದು ಎಂದರು. ಅಜ್ಜಿ ಎದ್ದು ಒಳಗೆ ಹೋದಳು. ಔಷಧ ಕುಡಿಸಿದ ಮೇಲೆ ಉಳಿದ ಜಾನುವಾರುಗಳು ಬದುಕಿದವು.

ಚಿಕ್ಕಪ್ಪ ಹೆಂಡತಿಯನ್ನು ಕರೆತರಲು ಹೊರಟಾಗ ಅಮ್ಮನೂ ನಾನೂ ಜೊತೆಗೆ ಹೋದೆವು. ಅವಳ ತವರಿನ ಜಗಲಿಯಲ್ಲಿ ಕೂತು ಅವನು ಹುಳದ ಸಂಗತಿಯನ್ನೆಲ್ಲ ಹೇಳಿದ, ತಪ್ಪು ನಿನ್ನದಲ್ಲವೆಂದು ಗೊತ್ತಾಯಿತು ಎಂದ. ಚಿಕ್ಕಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

“ಹುಳ ಸಿಗದೇ ಹೋಗಿದ್ರೆ ನನ್ನ ಕರಿಯಕ್ಕೆ ಬರ್ತಿದ್ರಾ?”

ಚಿಕ್ಕಪ್ಪ ನೆಲ ನೋಡಿದ. ಅವಳು ಒಳಗೆ ಹೋದಳು. ಆಮೇಲೆ ನಮಗೆಲ್ಲ ಊಟ ಬಡಿಸಿದಳು, ಹೊರಡುವಾಗ ಅಮ್ಮನಿಗೆ ಹೂ ಮುಡಿಸಿದಳು. ಜೊತೆಗೆ ಮಾತ್ರ ಬರಲಿಲ್ಲ.

ಮುಂದೆ ಅವಳು ಹೊಸನಗರದಲ್ಲಿ ಯಾರದೋ ಮನೆಯಲ್ಲಿ ಅಡುಗೆಗಿದ್ದಾಳೆಂದು ಕೇಳಿದೆವು. ಚಿಕ್ಕಪ್ಪ ಮತ್ತೆ ಮದುವೆಯಾಗಲಿಲ್ಲ. ಅಜ್ಜಿ ಇರುವವರೆಗೂ ತಾಯಿ ಬಡಿಸಿದ್ದನ್ನು ತಲೆ ತಗ್ಗಿಸಿ ಉಂಡು ಎದ್ದುಹೋಗುತ್ತಿದ್ದ.