ಗಡಿಬಿಡಿ ಅತ್ತೆ ಸುಮ್ಮನೆ ಕೂತದ್ದು

ಅವಳಿಗೂ ಅಪ್ಪ ಅಮ್ಮ ಇಟ್ಟ ಒಂದು ಚೆಂದದ ಹೆಸರಿತ್ತು. ಆದರೆ ಅದನ್ನು ಪೂರ್ತಿ ಕೂಗಿ ಮುಗಿಸುವಷ್ಟು ಹೊತ್ತು ಅವಳು ಎಲ್ಲೂ ನಿಲ್ಲುತ್ತಿರಲಿಲ್ಲವಾದ್ದರಿಂದ ಅವಳು ಕೆಲಸ ಮಾಡುವ ಇಸ್ತ್ರಿ ಅಂಗಡಿಯವರು ಗಡಿಬಿಡಿ ಎಂದರು, ಬೀದಿಯವರೂ ಅದನ್ನೇ ಹಿಡಿದುಕೊಂಡರು. ಎದುರಿನವರು ಮಾತು ಶುರು ಮಾಡಿದರೆ ಮುಗಿಸುವವಳು ಇವಳು. ಗಿರಾಕಿ "ನನ್ನ ನೀಲಿ..." ಎನ್ನುವಷ್ಟರಲ್ಲಿ ನೀಲಿ ಅಂಗಿಯನ್ನು ಕಾಗದದಲ್ಲಿ ಸುತ್ತಿ ಕೈಗಿಡುತ್ತಿದ್ದಳು. ಪಾಪ, ಅವರಿಗೆ ಬೇಕಾಗಿದ್ದದ್ದು ನೀಲಿ ಪ್ಯಾಂಟು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಣ್ಣ ರೇಗಿಸಿದರೆ, "ಬುದ್ಧಿವಂತರು ಯೋಚನೆ ಮಾಡೋ ಹೊತ್ತಿಗೆ ನಾವು ಕೆಲಸ ಮುಗಿಸಿ ಕೈ ತೊಳ್ಕೊಂಡಿರ್ತೀವಿ" ಎನ್ನುತ್ತಿದ್ದಳು.

ಮದುವೆ ಮುರಿದು ಅಣ್ಣನ ಮನೆ ಸೇರಿದವಳು. ಅಣ್ಣ ಅತ್ತಿಗೆ ಒಂದು ದಿನವೂ ಒಡಕು ಮಾತಾಡಿದವರಲ್ಲ, ಆದರೂ ಬೇರೆಯವರ ಮನೆಯಲ್ಲಿ ಬೆನ್ನು ಊರಿ ಕೂರುವುದು ಅಷ್ಟು ಸುಲಭವೇ? ಸಂಜೆ ಅಣ್ಣನ ಮಗಳನ್ನು ಓದಿಸುವ ಹೊತ್ತೊಂದೇ ಅವಳದೇ ಆಗಿತ್ತು. ಹುಡುಗಿಗೆ ಡಿಸ್ಲೆಕ್ಸಿಯಾ. ಬುದ್ಧಿಗೆ ಏನೂ ಕೊರತೆ ಇಲ್ಲ, ಅಕ್ಷರ ಮಾತ್ರ ಕೈಗೆ ಸಿಗದ ಮೀನಿನ ಹಾಗೆ ಜಾರುತ್ತದೆ ಎಂದು ಶಾಲೆಯವರು ವಿವರಿಸಿದ್ದರು. ಆದರೆ ಅತ್ತೆಯ ಪಕ್ಕ ಕೂತರೆ ಹುಡುಗಿ ಗಳಗಳನೆ ಓದುತ್ತಿದ್ದಳು. ಅಡುಗೆಮನೆಯಿಂದ ಅದನ್ನು ಕೇಳಿ ಅತ್ತಿಗೆ, "ನೀನಿಲ್ಲದಿದ್ರೆ ಈ ಮಗುವಿನ ಗತಿ ಏನಾಗ್ತಿತ್ತೋ ಕಣೇ" ಎನ್ನುತ್ತಿದ್ದಳು. ಆ ಒಂದು ಮಾತಿನ ಮೇಲೆ ಗಡಿಬಿಡಿ ಮರುದಿನವೆಲ್ಲ ಇಸ್ತ್ರಿ ಉಜ್ಜುತ್ತಿದ್ದಳು.

ಹೀಗಿರುವಾಗ ಶಾಲೆಯಿಂದ ಕರೆ ಬಂತು. ತರಗತಿಯಲ್ಲಿ ಹುಡುಗಿ ಒಂದು ಸಾಲೂ ಓದುತ್ತಿಲ್ಲವಂತೆ. ಇಂಥ ಮಕ್ಕಳ ಪಕ್ಕ ಕೂರುವ ದೊಡ್ಡವರಿಗೆ ತರಬೇತಿ ಇದೆ, ಅದನ್ನು ಸರಿಯಾಗಿ ಮುಗಿಸಿದರೆ ಅತ್ತೆಯೇ ಓದಿಸಬಹುದು, ಇಲ್ಲದಿದ್ದರೆ ಶಾಲೆಯವರೇ ಬೇರೆ ಯಾರನ್ನಾದರೂ ನೇಮಿಸುತ್ತಾರಂತೆ.

"ನನ್ನ ಹತ್ರ ಓದೋಳು ಅಲ್ಲಿ ಓದಲ್ಲ ಅಂದ್ರೆ ತಪ್ಪು ಯಾರದ್ದು? ತರಬೇತಿ ಬೇಕಾಗಿರೋದು ಅವರಿಗೆ" ಎಂದು ಗಡಿಬಿಡಿ ಮನೆಯಿಡೀ ಹಾರಾಡಿದಳು. ಹಾರಾಡಿದರೂ ಹೋದಳು. ಹೋಗದೆ ಏನು ಮಾಡುತ್ತಾಳೆ, ಅವಳ ಪಾಲಿಗೆ ಇದ್ದದ್ದೇ ಆ ಒಂದು ಸಂಜೆ.

ಶಾಲೆಯ ಗ್ರಂಥಾಲಯದಲ್ಲಿ ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ದೊಡ್ಡವರು ಮೊಣಕಾಲು ಮಡಚಿಕೊಂಡು ಕೂರಬೇಕಿತ್ತು. ಕಲಿಸುವ ಮೇಡಂ ಸೀದಾ ಹೆಂಗಸು, ದನಿ ಏರಿಸಿದವಳಲ್ಲ. "ಮಗು ಒಂದು ಪದದ ಹತ್ರ ನಿಂತ್ರೆ ನೀವೂ ನಿಲ್ಲಿ. ಅದು ಕೇಳೋವರೆಗೂ ಹೇಳ್ಬೇಡಿ. ಅಷ್ಟೊತ್ತೂ ಅದರ ತಲೆ ಕೆಲಸ ಮಾಡ್ತಿರುತ್ತೆ. ನೀವು ಬಾಯಿ ಹಾಕಿದ್ರೆ ಆ ಕೆಲಸ ಅಲ್ಲಿಗೇ ನಿಂತ್ಹೋಗುತ್ತೆ" ಎಂದಳು. ಕೇಳುವುದಕ್ಕೆ ಎಷ್ಟು ಸಲೀಸು!

ಅಭ್ಯಾಸಕ್ಕೆಂದು ಒಬ್ಬೊಬ್ಬರಿಗೆ ಒಬ್ಬೊಬ್ಬರನ್ನು ಜೋಡಿ ಮಾಡಿದರು. ಗಡಿಬಿಡಿಗೆ ಸಿಕ್ಕಿದ್ದು ಒಬ್ಬ ಕ್ಷೌರದಂಗಡಿಯವನು, ಅವನ ಮಗನಿಗೂ ಇದೇ ತೊಂದರೆ. ಅಕ್ಷರಗಳನ್ನೆಲ್ಲ ತಲೆಕೆಳಗಾಗಿ ಅಚ್ಚು ಹಾಕಿದ ಹಾಳೆಯನ್ನು ಅವನು ಓದಬೇಕು, ಇವಳು ಕಾಯಬೇಕು. ಅವನು ಉಸಿರೆಳೆದುಕೊಂಡರೆ ಸಾಕು, ಇವಳ ಬಾಯಿಂದ ಪದ ಉದುರುತ್ತಿತ್ತು. ಕೊನೆಗೆ ಅವನೇ ಹಾಳೆ ಕೆಳಗಿಟ್ಟು, "ಅಕ್ಕಾ, ತುತ್ತು ಬಾಯಿಗೇ ಇಡ್ತಿದ್ದೀರಿ, ಅಗಿಯೋದಾದ್ರೂ ನಂಗೆ ಬಿಡ್ತೀರಾ?" ಎಂದ. ಎಲ್ಲರೂ ನಕ್ಕರು. ಇವಳೂ ನಕ್ಕಳು, ಆದರೆ ಕಿವಿ ಬಿಸಿಯಾಗಿತ್ತು.

ಛಲಗಾತಿ. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಅಭ್ಯಾಸ ಮಾಡಿದಳು. ಅವರು "ಅದೂ... ಮೊನ್ನೆ ಕೊಟ್ಟಿದ್ನಲ್ಲ..." ಎಂದು ರಾಗ ಎಳೆಯುವಾಗ ಇವಳಿಗೆ ಮೈಮೇಲೆ ಇರುವೆ ಹರಿದಾಡಿದಂತಾಗುತ್ತಿತ್ತು. ಮೇಜಿನ ಕೆಳಗೆ ಕಾಲು ಕುಣಿಯುತ್ತಿತ್ತು. ತುಟಿ ಮಾತ್ರ ಪಿಟಕ್ ಎನ್ನಲಿಲ್ಲ. ಹುಷಾರಿಲ್ಲವೇನಮ್ಮ ಎಂದು ಅಂಗಡಿ ಯಜಮಾನರು ನಿಜವಾಗಿ ಗಾಬರಿಯಾಗಿ ವಿಚಾರಿಸಿದರು.

ಕಡೆಯ ಪಾಠಕ್ಕೆ ಮಕ್ಕಳನ್ನೂ ಕರೆಸಿದರು. ಹುಡುಗಿ ಪುಸ್ತಕ ತೆರೆದಳು. ಅತ್ತೆ ಪಕ್ಕದಲ್ಲಿ ಕೂತು ತುಟಿ ಬಿಗಿ ಹಿಡಿದಳು. ಹುಡುಗಿ ಓದಿದಳು, ಅಲ್ಲಲ್ಲಿ ತಡೆದರೂ ಪುಟದ ಅರ್ಧದವರೆಗೆ ಬಂದಳು. ಅತ್ತೆ ಒಂದಕ್ಷರವೂ ಹೇಳಿಕೊಟ್ಟಿರಲಿಲ್ಲ. ಈಗೇನನ್ನುತ್ತೀರಿ ಎಂಬಂತೆ ಮೇಡಂ ಕಡೆ ನೋಡಿದಳು.

ಮೇಡಂ ಬಂದು, "ನಿಮ್ಮ ಕುರ್ಚೀನ ಸ್ವಲ್ಪ ಹಿಂದೆ ಹಾಕ್ಕೊಳ್ಳಿ. ಮಗುವಿನ ಬೆನ್ನ ಹಿಂದೆ" ಎಂದಳು.

ಕುರ್ಚಿ ಹಿಂದೆ ಹೋಯಿತು. ಹುಡುಗಿಯ ಓದು ನಿಂತಿತು. ಮಗು ಕತ್ತು ತಿರುಗಿಸಿ ಅತ್ತೆಯನ್ನು ನೋಡಿತು, ಪುಸ್ತಕ ನೋಡಿತು, ಮತ್ತೆ ಅತ್ತೆಯನ್ನು ನೋಡಿತು.

"ಅವಳು ಪುಸ್ತಕ ಓದ್ತಿರಲಿಲ್ಲಮ್ಮ, ನಿಮ್ಮ ಮುಖ ಓದ್ತಿದ್ಲು" ಎಂದಳು ಮೇಡಂ ಮೆಲ್ಲಗೆ. "ಒಂದು ಪದ ಊಹಿಸಿ ಬಾಯಿ ತೆರೀತಾಳೆ. ಸರಿ ಇದ್ರೆ ನಿಮ್ಮ ಹುಬ್ಬು ಮೇಲೇಳುತ್ತೆ, ತಪ್ಪಿದ್ರೆ ಗದ್ದ ಬಿಗಿಯುತ್ತೆ. ತಕ್ಷಣ ಬದಲಾಯಿಸ್ತಾಳೆ. ತುಂಬಾ ಜಾಣೆ."

ಗಡಿಬಿಡಿಗೆ ಅರ್ಥವಾಯಿತು. ಇಷ್ಟು ದಿನ ಆ ಮನೆಯಲ್ಲಿ ಕೇಳಿಸಿದ್ದೆಲ್ಲ ತನ್ನದೇ ಓದು, ಮಗುವಿನದಲ್ಲ. ಅತ್ತಿಗೆ ಹೊಗಳಿದ್ದೂ ಅದನ್ನೇ. ಅಳು ಒತ್ತರಿಸಿ ಬಂತು. ಅದನ್ನೂ ಮಗು ಓದಿಬಿಡುತ್ತದೆ ಎಂದು ಹೊಳೆದು ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು.

"ಅತ್ತೆ, ಈ ಕಡೆ ನೋಡು" ಎಂದಳು ಹುಡುಗಿ.

ಅತ್ತೆ ನೋಡಲಿಲ್ಲ. ಕೇಳಿದ್ದನ್ನು ಆ ಮಗುವಿಗೆ ಇಲ್ಲವೆಂದದ್ದು ಅದೇ ಮೊದಲು. ಹುಡುಗಿ ಫಟ್ಟೆಂದು ಪುಸ್ತಕ ಮುಚ್ಚಿ ನಾನು ಓದಲ್ಲ ಎಂದಳು. ಇನ್ನೊಂದು ವಾರ ಮನೆಯಲ್ಲಿ ನೋಡಿ, ಆಗದಿದ್ದರೆ ಬೇರೆಯವರನ್ನು ಕಳಿಸುತ್ತೇನೆ ಎಂದು ಮೇಡಂ ಹೇಳಿದಳು. ಬೇರೆಯವರು ಎಂಬ ಮಾತು ಇಬ್ಬರ ಜೊತೆಗೇ ಮನೆಯವರೆಗೂ ಬಂತು. ದಾರಿಯಲ್ಲಿ ಹುಡುಗಿ ಕೈ ಕೊಡಲಿಲ್ಲ.

ಸಂಜೆ ಗಡಿಬಿಡಿ ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು, ಮಡಚಿಟ್ಟ ಬಟ್ಟೆ ಬಿಚ್ಚಿ ಮಡಚಿದಳು. ಓದುವ ಹೊತ್ತು ಬಂದರೂ ಆ ಕಡೆ ಸುಳಿಯಲಿಲ್ಲ. ಹುಡುಗಿಯೇ ಪುಸ್ತಕ ಹಿಡಿದು ಬಂದು ಬಾಗಿಲಲ್ಲಿ ನಿಂತಳು.

"ಬಾ ಅತ್ತೆ."

"ನಾನು ಬೇಡ ಕಣೇ ಪುಟ್ಟಿ. ನನ್ನಿಂದ ನಿಂಗೆ ಕೆಟ್ಟದ್ದೇ ಆಗಿರೋದು. ಬೇರೆಯವರು ಬರ್ತಾರಂತೆ, ಚೆನ್ನಾಗಿ ಓದಿಸ್ತಾರೆ."

"ಅವರ ಮುಖ ನಂಗೆ ಗೊತ್ತೇ ಇಲ್ಲ" ಎಂದಳು ಹುಡುಗಿ. ಅವಳ ಕಣ್ಣು ತುಂಬಿತ್ತು.

ಗಡಿಬಿಡಿ ಕೈ ಒರೆಸಿಕೊಂಡು ಹೋಗಿ ನೆಲದ ಮೇಲೆ ಚಾಪೆ ಹಾಸಿದಳು. ಹುಡುಗಿಯನ್ನು ಆ ಕಡೆಗೆ ಮುಖ ಮಾಡಿ ಕೂರಿಸಿ ತಾನು ಈ ಕಡೆಗೆ ಮುಖ ಮಾಡಿ ಬೆನ್ನಿಗೆ ಬೆನ್ನು ಕೊಟ್ಟು ಕೂತಳು.

"ನಾನು ಇಲ್ಲೇ ಇದ್ದೀನಿ. ಒರಗ್ಕೋ. ಬೇಕಾದ್ರೆ ಕೇಳು."

ಹುಡುಗಿ ಒರಗಿದಳು. ಪುಸ್ತಕ ಬಿಡಿಸಿದ ಸದ್ದಾಯಿತು. ಆಮೇಲೆ ಒಂದು ಅಕ್ಷರ, ಅದರ ಪಕ್ಕದ ಅಕ್ಷರ, ಮತ್ತೆ ಮೊದಲಿಂದ, ಕೊನೆಗೆ ಎರಡೂ ಸೇರಿ ಒಂದು ಪದ. ಇಷ್ಟು ಸಣ್ಣ, ಇಷ್ಟು ನಿಧಾನದ ದನಿ ಮಗುವಿನ ಗಂಟಲಲ್ಲಿದೆ ಎಂದು ಅತ್ತೆಗೆ ಗೊತ್ತೇ ಇರಲಿಲ್ಲ. ಮುಂದಿನ ಪದದಲ್ಲಿ ಮತ್ತೆ ನಿಂತಿತು. ಅತ್ತೆಯ ಕಾಲ್ಬೆರಳು ಮಡಚಿಕೊಂಡವು, ನಾಲಿಗೆ ತುದಿಗೆ ಊರಲ್ಲಿರುವ ಪದಗಳೆಲ್ಲ ಬಂದು ನಿಂತವು. ಬೆನ್ನಿಗೆ ತಗುಲಿದ ಆ ಪುಟ್ಟ ಬೆನ್ನು ಮಾತ್ರ ಉಸಿರೆಳೆಯುತ್ತಿತ್ತು, ಬಿಡುತ್ತಿತ್ತು.

ಅಡುಗೆಮನೆಯಿಂದ ಅತ್ತಿಗೆ ಕೂಗಿದಳು, "ಏನೇ ಇದು, ಒಂಚೂರೂ ಸದ್ದಿಲ್ಲ? ಇವತ್ತು ಓದಿಸ್ತಾ ಇಲ್ವಾ?"

"ಓದ್ತಾ ಇದ್ದಾಳೆ ಅತ್ತಿಗೆ" ಎಂದಳು ಗಡಿಬಿಡಿ.